ಅವ್ವನಿಗೆ ಕಾಣದ ಇಳಿಜಾರು

"ನನ್ನ ಮೆಟ್ಟಿಲು ಎಲ್ಲಿ?"

ಎರಡು ಮಹಡಿ ಹತ್ತಿ ಬಂದ ಹುಡುಗಿ ಮೊದಲು ಕೇಳಿದ್ದೇ ಇದನ್ನು. ಏದುಸಿರು ಬಿಡುತ್ತಿದ್ದಳು. ಹಣೆಯ ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ.

ಜೆ.ಪಿ. ನಗರದ ಎರಡನೇ ಹಂತದಲ್ಲಿ ಒಂದು ಬೇಕರಿಯ ಮೇಲಿದ್ದ ಆ ಆಫೀಸಿಗೆ ಲಿಫ್ಟ್ ಇರಲಿಲ್ಲ. ಮನೆ, ಕಟ್ಟಡಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ಮಾಡಿ ಊರಿನ ಇಂಜಿನಿಯರುಗಳಿಗೆ ಮಾರುವ ಪುಟ್ಟ ಕಂಪನಿ ಅದು. 2006ನೇ ಇಸವಿ. ಪ್ರೋಗ್ರಾಂ ಬರೆಯುವ ಮೂರು ಮತ್ತೊಂದು ಜನರಲ್ಲಿ ಬಸವಂತನೂ ಒಬ್ಬ. ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು.

ಅವನು ತಲೆಯೆತ್ತಿ ಮೊದಲು ಅವಳ ಮುಖ ನೋಡಿದ. ಆಮೇಲೆ ಊರುಗೋಲು ನೋಡಿದ. ಆಮೇಲೆ ಚೂಡಿದಾರದ ಅಂಚಿನಲ್ಲಿ ಕಾಣುತ್ತಿದ್ದ ಕಬ್ಬಿಣದ ಪಟ್ಟಿ ನೋಡಿದ. ಪೋಲಿಯೋ ಆದವರು ಹಾಕಿಕೊಳ್ಳುವ ಕ್ಯಾಲಿಪರ್.

ತಕ್ಷಣ ಅವನ ದನಿ ಮೆತ್ತಗಾಯಿತು. "ಕೂಡ್ರಿ ಮೇಡಂ... ಮೊದಲ ನೀರು ಕುಡೀರಿ."

ಆ ಮೆತ್ತನೆಯ ದನಿಯನ್ನು ಸರ್ವಮಂಗಳಾ ಚಿಕ್ಕಂದಿನಿಂದ ಬಲ್ಲಳು. ಬಸ್ ಕಂಡಕ್ಟರುಗಳಲ್ಲಿ, ಮದುವೆ ಮನೆಯ ಆಂಟಿಯರಲ್ಲಿ, ಗಂಡು ನೋಡಲು ಬಂದು ಕಾಫಿ ಕುಡಿದು ಎದ್ದು ಹೋದವರಲ್ಲಿ... ಎಲ್ಲರದೂ ಇದೇ ದನಿ. ಅವಳಿಗೆ ಮೆಟ್ಟಿಲು ಹತ್ತುವ ಕಷ್ಟಕ್ಕಿಂತ ಈ ದನಿ ಕೇಳುವ ಕಷ್ಟವೇ ದೊಡ್ಡದು.

ಕೂರಲಿಲ್ಲ. ನಕ್ಷೆಯನ್ನು ಅವನ ಕೀಬೋರ್ಡಿನ ಮೇಲೇ ಬಿಡಿಸಿದಳು.

ಕಥೆ ಇಷ್ಟೇ. ಜಯನಗರದ ಇಂಜಿನಿಯರೊಬ್ಬರ ಆಫೀಸಿನಲ್ಲಿ ಅವಳು ನಕ್ಷೆ ಬರೆಯುತ್ತಿದ್ದಳು. ಗ್ರಾಹಕರೊಬ್ಬರ ಮನೆಯ ನಕ್ಷೆ. ಮೆಟ್ಟಿಲಿನ ಕೆಳಗಿನ ಶೌಚಾಲಯ ಸರಿಯಾಗಿ ಕಾಣಲಿ ಎಂದು ಮೆಟ್ಟಿಲನ್ನು ಸ್ವಲ್ಪ ಹೊತ್ತು ಪರದೆಯಿಂದ ಮರೆ ಮಾಡಿದ್ದಳು. ಈ ಕಂಪನಿಯ ಸಾಫ್ಟ್‌ವೇರಿನಲ್ಲಿ ಅದಕ್ಕೆಂದೇ ಒಂದು ಗುಂಡಿ ಇತ್ತು, ಟೆಂಪರರಿ ಹೈಡ್ ಅಂತ. ಒತ್ತಿದರೆ ಬೇಕಾದ ಭಾಗ ಮಾಯ, ಇನ್ನೊಮ್ಮೆ ಒತ್ತಿದರೆ ವಾಪಸ್. ಅಷ್ಟರಲ್ಲಿ ಯಾರೋ ಕರೆದರು, ಅವಳು ಫೈಲ್ ಸೇವ್ ಮಾಡಿ ಎದ್ದಳು. ಮರುದಿನ ತೆರೆದಾಗ ಮೆಟ್ಟಿಲು ಮರೆಯಲ್ಲೇ ಇತ್ತು. ಏನೋ ಮರೆಯಾಗಿದೆ ಎಂದು ಪರದೆಯ ಮೇಲೆ ಒಂದು ಗುರುತೂ ಇರಲಿಲ್ಲ. ಹಾಗೇ ಪ್ರಿಂಟ್ ಹೋಯಿತು. ಮೇಸ್ತ್ರಿ ಪ್ರಿಂಟ್ ನೋಡಿ, ಮೆಟ್ಟಿಲಿಗೆ ಜಾಗವನ್ನೇ ಬಿಡದೆ ಚಾವಣಿಗೆ ಪೂರ್ತಿ ಕಾಂಕ್ರೀಟ್ ಮೋಲ್ಡ್ ಹಾಕಿಬಿಟ್ಟ.

ಮನೆ ಯಜಮಾನರು ಬಂದು, ಮೇಲೆ ಹೋಗುವುದು ಹೇಗೆ ಎಂದು ಕೇಳಿದಾಗಲೇ ಎಲ್ಲರಿಗೂ ಗೊತ್ತಾದದ್ದು.

ಕಾಂಕ್ರೀಟ್ ಒಡೆಸಿದರು. ಅವಳನ್ನು ಕೆಲಸದಿಂದ ತೆಗೆದರು.

ಬಸವಂತ ಎಲ್ಲ ಕೇಳಿಸಿಕೊಂಡ. ತಪ್ಪು ತನ್ನದಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಮರೆ ಮಾಡಿದವರೇ ನೆನಪಿಟ್ಟುಕೊಳ್ಳಬೇಕು, ಸಾಫ್ಟ್‌ವೇರ್ ಹೇಳಿದಷ್ಟು ಮಾಡುತ್ತದೆ ಎಂದ. ಅದನ್ನೂ ಮೆತ್ತಗೇ ಹೇಳಿದ.

"ಮರೆ ಮಾಡಿದ್ದು ಕಣ್ಣಿಗೆ ಕಾಣಲ್ಲ ಸಾರ್. ಕಾಣದೇ ಇರೋದನ್ನ ನೆನಪಿಟ್ಕೊಳ್ಳೋದು ಹೇಗೆ? ನಿಮ್ಮ ಪರದೆ ಹೇಳ್ಬೇಕಲ್ವಾ?"

ಒಳಗಿನ ಕೋಣೆಯಿಂದ ಮಾಲೀಕ ಉಗ್ರಪ್ಪ ಹೊರಗೆ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಹೆಸರಿಗಷ್ಟೇ ಉಗ್ರ, ವ್ಯವಹಾರದಲ್ಲಿ ಬೆಣ್ಣೆ. "ಬೈಯೋದಕ್ಕೇ ಸಂಬಳ ಕೊಡ್ತೀನಿ. ಬರ್ತೀಯೇನಮ್ಮಾ?" ಎಂದರು.

ಹಾಗೆ ಸರ್ವಮಂಗಳಾ, ತಪ್ಪು ಹುಡುಕುವ ಕೆಲಸಕ್ಕೆ, ಬಸವಂತನ ಪಕ್ಕದ ಮೇಜಿಗೇ ಬಂದು ಕೂತಳು.

*

ಅವಳದು ಮೂರೇ ಬೇಡಿಕೆ. ಏನಾದರೂ ಮರೆಯಾಗಿದ್ದರೆ ಪರದೆಯ ಸುತ್ತ ಬಣ್ಣದ ಅಂಚು ಕಾಣಬೇಕು. ಪ್ರಿಂಟ್ ಕೊಡುವ ಮುಂಚೆ ಕೇಳಬೇಕು. ಫೈಲ್ ಮುಚ್ಚಿದರೆ ಮರೆಯಾದದ್ದೆಲ್ಲ ತಾನಾಗಿಯೇ ವಾಪಸ್ ಬರಬೇಕು.

ಅವನು ಒಂದಕ್ಕೂ ಒಪ್ಪಲಿಲ್ಲ. ದಿನವಿಡೀ ಬಣ್ಣದ ಅಂಚು ಕಂಡರೆ ಇಂಜಿನಿಯರುಗಳಿಗೆ ಕಿರಿಕಿರಿ, ಪ್ರತಿ ಬೆಳಿಗ್ಗೆ ಮತ್ತೆ ಮರೆ ಮಾಡಬೇಕಾದರೆ ಇನ್ನೂ ಕಿರಿಕಿರಿ ಎಂದು ವಾದಿಸಿದ.

"ಕಿರಿಕಿರಿ ಆಗ್ಲಿ ಬಿಡಿ. ಮನೆಗೆ ಮೆಟ್ಟಿಲಾದ್ರೂ ಇರತ್ತೆ," ಎಂದಳು ಅವಳು.

ವಾದ ವಾರಗಟ್ಟಲೆ ನಡೆಯಿತು. ಒಂದು ಮಧ್ಯಾಹ್ನ ಅವಳು ಅದೇ ತಪ್ಪನ್ನು ಮತ್ತೆ ಮತ್ತೆ ಬರೆದು ಕಳಿಸಿದಾಗ ಅವನ ತಾಳ್ಮೆ ಹರಿಯಿತು. ಕುರ್ಚಿ ತಿರುಗಿಸಿ, "ನಿಮಗ ತಲಿ ಐತೇನ್ರಿ?" ಎಂದು ಕೂಗಿಬಿಟ್ಟ.

ಇಡೀ ಆಫೀಸು ತಿರುಗಿ ನೋಡಿತು. ಕಾಲು ಸರಿಯಿಲ್ಲದ ಹುಡುಗಿಗೆ ಹೀಗೆ ಕೂಗುವುದೇ? ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ.

ಆದರೆ ಸರ್ವಮಂಗಳಾ ನಕ್ಕಳು. ಅವಳ ಬದುಕಿನಲ್ಲಿ ಯಾರೂ ಅವಳನ್ನು ಹಾಗೆ ಬೈದಿರಲಿಲ್ಲ... ಮನೆಯಲ್ಲಿ ಅಪ್ಪ ಸಿದ್ದಲಿಂಗಯ್ಯನವರು ಕೂಡ. ಬಸವಂತ ಮಾತ್ರ ಕಾಲು ಸರಿಯಿದ್ದವರನ್ನು ಬೈಯುವಂತೆ ಬೈದಿದ್ದ. ಆ ದಿನವೇ ಅವಳ ಮನಸ್ಸು ಅವನ ಕಡೆ ಹೋಯಿತು. ಪ್ರೀತಿ ಹುಟ್ಟಲು ಇದೆಂಥ ಕಾರಣ ಎಂದು ನಗುವವರು ನಗಲಿ. ಕರುಣೆಯನ್ನೇ ಉಂಡು ಬೆಳೆದವರಿಗೆ ಗೊತ್ತು, ಒಂದು ಬೈಗುಳ ಎಷ್ಟು ರುಚಿ ಅಂತ.

ಅವನ ಮನಸ್ಸು? ಅದು ಮುಂಚೆಯೇ ಹೋಗಿತ್ತು. ಹೇಳುವ ಧೈರ್ಯವಿರಲಿಲ್ಲ ಅಷ್ಟೇ. ಧೈರ್ಯವಿಲ್ಲದಿರುವುದು ಬಸವಂತನ ಹಳೆಯ ಕಾಯಿಲೆ. ಈ ಕಥೆಯ ನೋವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಬೇಗೂರಿನ ನಾಗೇಶ್ವರನ ಗುಡಿಗೆ ಒಂದು ಭಾನುವಾರ ಇಬ್ಬರೂ ಹೋದರು. ದರ್ಶನ ಮುಗಿಸಿ ಕೆರೆಯ ಬದಿಯಲ್ಲಿ ಕೂತಾಗ ಅವನು ಚೀಲದಿಂದ ಒಂದು ಪ್ರಿಂಟ್ ತೆಗೆದು ಕೊಟ್ಟ. ಸಾರಿಗೆ ಸಂಸ್ಥೆಯಲ್ಲಿದ್ದ ಅವನ ತಂದೆ, ತೀರಿಕೊಳ್ಳುವ ಮುಂಚೆ ಇಟ್ಟಮಡುವಿನಲ್ಲಿ ಒಂದು ಸೈಟು ಕೊಂಡಿದ್ದರು. ಅಲ್ಲಿ ಕಟ್ಟಬೇಕಾದ ಮನೆಯ ನಕ್ಷೆ ಅದು.

ಅವಳ ಕಣ್ಣು ಮೊದಲು ಹೋದದ್ದು ಮುಂಬಾಗಿಲಿಗೆ. ಅಲ್ಲಿ ಮೆಟ್ಟಿಲಿರಲಿಲ್ಲ. ಕಾಂಪೌಂಡಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಇಳಿಜಾರು ಹಾದಿ ಇತ್ತು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಯಾರೂ ಹೇಳಿಕೊಡದೆ ಅವನೇ ಓದಿ ತಿಳಿದುಕೊಂಡು ಬರೆದಿದ್ದ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿಗಳನ್ನು ಹಾಕಿದ್ದ.

ಅವಳಿಗೆ ಅಳು ತಡೆಯಲಾಗಲಿಲ್ಲ. ನಕ್ಷೆ ನೆನೆಯಬಾರದೆಂದು ದೂರ ಹಿಡಿದು ಅತ್ತಳು.

"ನಿಮ್ಮ ಅಮ್ಮಂಗೆ ಹೇಳಿದ್ದೀರಾ?" ಎಂದು ಕೇಳಿದಳು, ಸ್ವಲ್ಪ ಹೊತ್ತಾದ ಮೇಲೆ. "ನನ್ನ ಕಾಲಿನ ವಿಷಯ..."

"ಎಲ್ಲಾ ಹೇಳೀನ್ರಿ."

ಅವಳು ನಂಬಿದಳು. ಜಾತಿಯ ತೊಡಕಿರಲಿಲ್ಲ, ಎರಡೂ ಮನೆಯಲ್ಲಿ ಪೂಜೆ ಒಂದೇ ಶಿವನಿಗೆ. ಉಳಿದದ್ದು ಕಾಲೊಂದೇ. ಅದನ್ನೂ ಹೇಳಿದ್ದಾನೆ ಎಂದ ಮೇಲೆ ಇನ್ನೇನು? ಅವಳು ರಾತ್ರಿಯಿಡೀ ಆ ಮನೆಯ ಒಳಗೆ ಮನಸ್ಸಿನಲ್ಲೇ ಓಡಾಡಿದಳು.

*

ಅವನ ತಾಯಿ ದುಂಡವ್ವ ಕಣ್ಣಿನ ಪರೀಕ್ಷೆಗೆಂದು ಬೆಂಗಳೂರಿಗೆ ಬಂದಿದ್ದರು. ಆ ಶನಿವಾರ ಸರ್ವಮಂಗಳಾ ರಜೆಯಲ್ಲಿದ್ದಳು. ಸೋಮವಾರ ಬಂದು, ಇಟ್ಟಮಡುವಿನ ಮನೆಯ ಅಡುಗೆಕೋಣೆಯ ಕಿಟಕಿ ಬದಲಿಸೋಣ ಎಂದು ಆ ಫೈಲ್ ತೆರೆದಳು.

ಇಳಿಜಾರು ಇರಲಿಲ್ಲ.

ಹಳೆಯ ಫೈಲ್ ಇರಬೇಕು ಎಂದುಕೊಂಡು ಇನ್ನೊಮ್ಮೆ ನೋಡಿದಳು. ಅಲ್ಲ... ಇದೇ ಫೈಲ್. ಬಚ್ಚಲಿನ ಕಂಬಿಗಳೂ ಇರಲಿಲ್ಲ. ಮುಂಬಾಗಿಲಿಗೆ ಹೊಸದಾಗಿ ಮೂರು ಮೆಟ್ಟಿಲು ಬಂದಿದ್ದವು. ನುಣುಪಾದ, ಚೆಂದದ ಮೆಟ್ಟಿಲು.

ಪಕ್ಕಕ್ಕೆ ತಿರುಗಿ ಕೇಳಿದಳು. "ಅಳಿಸಿಬಿಟ್ರಾ?"

ಬಸವಂತ ಪರದೆ ನೋಡಿದ. ಅವನ ಮುಖದಲ್ಲಿ ಮೂಡಿದ್ದು ಗಾಬರಿಯಲ್ಲ. ಸಮಾಧಾನ! ಅಯ್ಯೋ, ಇಷ್ಟಕ್ಕೇ ಇವಳು ಹೆದರಿದಳಲ್ಲ ಎಂಬ ನಗು.

"ಅಳಸಿಲ್ರಿ ಮಂಗಳಾ. ಹೈಡ್ ಮಾಡೀನಿ, ಅಷ್ಟ. ಶನಿವಾರ ಅವ್ವಗ ಮನಿ ತೋರ್ಸಿದೆ. ವಾಪಸ್ ತರೂದು ಮರತೆ ನೋಡ್ರಿ."

ಕೈ ಚಾಚಿ ಒಂದು ಗುಂಡಿ ಒತ್ತಿದ. ಕಂಬಿಗಳು ಬಂದವು. ಇಳಿಜಾರು ಬಂದು ಆ ಮೂರು ಮೆಟ್ಟಿಲುಗಳ ಮೇಲೆಯೇ ಅಡ್ಡಾದಿಡ್ಡಿ ಕೂತಿತು. ನೋಡ್ರಿ, ಎಲ್ಲಾ ಅಲ್ಲೇ ಇದೆ ಎನ್ನುವಂತೆ ಅವಳ ಮುಖ ನೋಡಿದ. ಮೂರ್ಖ. ಪ್ರೀತಿಸುವ ಗಂಡಸರಷ್ಟು ಮೂರ್ಖರು ಇನ್ಯಾರೂ ಇಲ್ಲ.

"ಹೇಳಿದ್ದೀನಿ ಅಂದಿದ್ರಿ," ಎಂದಳು ಅವಳು ನಿಧಾನವಾಗಿ. "ಏನಂತ ಹೇಳಿದ್ದೀರಿ?"

ಅವನು ತಲೆ ತಗ್ಗಿಸಿದ. "ಹುಡುಗಿ ಶಾಣ್ಯಾ ಅದಾಳ ಅಂತ... ಸ್ವಲ್ಪ ನಿಧಾನಕ ನಡೀತಾಳ ಅಂತ."

ಸ್ವಲ್ಪ ನಿಧಾನ! ಮೂರನೇ ವಯಸ್ಸಿನಿಂದ ಕಬ್ಬಿಣ ಕಟ್ಟಿಕೊಂಡು ಎಳೆದ ಕಾಲು ಅವನ ಬಾಯಲ್ಲಿ ಸ್ವಲ್ಪ ನಿಧಾನವಾಯಿತು. ಅವಳಿಗೆ ಅಳು ಬರಲಿಲ್ಲ. ಅಳು ಬಂದಿದ್ದರೆ ಅವನು ಬಚಾವಾಗುತ್ತಿದ್ದ.

"ಅಳಿಸಿದ್ರೇ ಚೆನ್ನಾಗಿತ್ತು. ಅಳಿಸೋರಿಗೆ ಬೇಡ ಅನ್ನೋ ಧೈರ್ಯ ಆದ್ರೂ ಇರತ್ತೆ. ಮದುವೆ ದಿನ ಏನ್ಮಾಡ್ತಿದ್ರಿ ಬಸವಂತ್? ಎಲ್ಲರೂ ಊಟಕ್ಕೆ ಎದ್ದು ಹೋಗೋ ತನಕ ಮಂಟಪದಲ್ಲೇ ಕೂರಿಸಿ ಇಡ್ತಿದ್ರಾ?"

ಮದುವೆಯಾದ ಮೇಲೆ ಅವ್ವ ತಾನಾಗಿ ಒಪ್ಪಿಕೊಳ್ಳುತ್ತಿದ್ದಳು, ಅಲ್ಲಿಯವರೆಗೆ ಮಾತ್ರ ಎಂದುಕೊಂಡಿದ್ದೆ ಎಂದು ಅವನು ಬಡಬಡಿಸಿದ. ಅವಳು ಪೂರ್ತಿ ಕೇಳಲಿಲ್ಲ. ಊರುಗೋಲು ಎತ್ತಿಕೊಂಡು ಹೊರಟಳು.

ಮನೆಗೆ ಹೋಗಲಿಲ್ಲ. ಆಟೋ ಹತ್ತಿ ನೇರ ಬಿಟಿಎಂಗೆ ಹೋದಳು.

ಬಾಗಿಲು ತೆರೆದ ದುಂಡವ್ವ, ಹುಡುಗಿ ಹೆಸರು ಹೇಳಿದ್ದೇ ತಡ, ಒಳಗೆ ಕರೆದರು. ಅವರ ಕಣ್ಣು ಕಾಲಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಮುಚ್ಚುಮರೆಯಿಲ್ಲದೆ ನೋಡಿದರು. ಹುಟ್ಟಿನಿಂದಲೋ ಆಮೇಲೆ ಆದದ್ದೋ, ನೋಯುತ್ತದೆಯೋ ಇಲ್ಲವೋ ಎಂದು ವಿಚಾರಿಸಿದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಟ್ಟರು. ಅವಳು ಉಂಡು ಮುಗಿಸುವವರೆಗೆ ಕಾದು, ಆಮೇಲೆ ಹೇಳಿದರು.

"ನಾ ಒಲ್ಲೆವ್ವಾ. ನನಗ ಒಬ್ಬನ ಮಗ. ಊರಾಗ ಮಂದಿ ಮುಂದ ನಿನ್ನ ಸೊಸಿ ಅಂತ ನಿಂದ್ರಸಾಕ ನನ್ನ ಕೈಲೆ ಆಗೂದಿಲ್ಲ. ನೀ ಕೆಟ್ಟಾಕಿ ಅಂತಲ್ಲ. ನಾ ದೊಡ್ಡ ಮನಸಿನಾಕಿ ಅಲ್ಲ, ಅಷ್ಟ."

ಸರ್ವಮಂಗಳಾ ಕೈ ತೊಳೆದು ಕೂತಿದ್ದಳು. ಇಷ್ಟು ನೇರವಾಗಿ ಯಾರೂ ಅವಳನ್ನು ಬೇಡವೆಂದಿರಲಿಲ್ಲ. ವಿಚಿತ್ರವೆಂದರೆ ಅವಳಿಗೆ ಈ ಹೆಂಗಸಿನ ಮೇಲೆ ಸಿಟ್ಟೇ ಬರಲಿಲ್ಲ.

"ಇನ್ನೊಂದು ಹೇಳ್ಲ್ಯಾ?" ಎಂದರು ದುಂಡವ್ವ. "ಅಂವಾ ನನಗ ಅಂಜಿ ಹೇಳಿಲ್ಲ ಅಂತ ತಿಳಿಬ್ಯಾಡ. ನಾ ಏನು ಅವನ್ನ ಹೊಡೀತೀನಾ? ಅವಗ ನಾಚಿಕಿ. ಅದಕ್ಕ ಹೇಳಿಲ್ಲ."

ತಾನು ಬಂದದ್ದನ್ನು ಮಗನಿಗೆ ತಿಳಿಸಬೇಡಿ ಎಂದಳು ಸರ್ವಮಂಗಳಾ. ಅವನೇ ಬಾಯಿಬಿಟ್ಟು ಹೇಳುವವರೆಗೆ ಬೇಡ. ದುಂಡವ್ವ ಒಪ್ಪಿದರು. ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟರು.

*

ಎಲ್ಲರೂ ಅವಳು ಕೆಲಸ ಬಿಡುತ್ತಾಳೆ ಎಂದುಕೊಂಡಿದ್ದರು. ಅವಳು ಬಿಡಲಿಲ್ಲ. ಮರುದಿನವೂ ಬಂದು ಅವನ ಪಕ್ಕದಲ್ಲೇ ಕೂತಳು. ಸಾಫ್ಟ್‌ವೇರಿನ ತಪ್ಪುಗಳನ್ನು ಬಿಟ್ಟರೆ ಬೇರೆ ಮಾತಿಲ್ಲ.

ಅವನು ಕ್ಷಮೆ ಕೇಳುತ್ತಿದ್ದ. ಕೇಳಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಅಮ್ಮನಿಗೆ ಹೇಳಿದ್ರಾ? ಇಲ್ಲ. ಹಾಗಾದರೆ ಕೆಲಸ ನೋಡಿ.

ದೀಪಾವಳಿ ಕಳೆದ ಮೇಲೆ ಉಗ್ರಪ್ಪನವರು ಸಾಫ್ಟ್‌ವೇರಿನ ಹೊಸ ಆವೃತ್ತಿಯ ಬಗ್ಗೆ ಮೀಟಿಂಗ್ ಕರೆದರು. ಕೆಲವು ಗ್ರಾಹಕ ಇಂಜಿನಿಯರುಗಳೂ ಬಂದಿದ್ದರು. ಟೆಂಪರರಿ ಹೈಡ್ ಬದಲಿಸುವ ಅಗತ್ಯವೇನು ಎಂಬ ಮಾತು ಬಂತು. ಬಸವಂತ ತನ್ನ ಹಳೆಯ ವಾದ ಹೇಳಿದ, ಅದೂ ಅರೆಮನಸ್ಸಿನಿಂದ.

ಸರ್ವಮಂಗಳಾ ಎದ್ದಳು. ಗೋಡೆಯ ಪರದೆಯ ಮೇಲೆ ಇಟ್ಟಮಡುವಿನ ಮನೆಯನ್ನು ತೆರೆದಳು.

ಎಲ್ಲರೆದುರು ಇಳಿಜಾರು ಮರೆ ಮಾಡಿದಳು. ಕಂಬಿ ಮರೆ ಮಾಡಿದಳು. ಫೈಲ್ ಮುಚ್ಚಿ ಮತ್ತೆ ತೆರೆದಳು. ಏನೋ ಮರೆಯಾಗಿದೆ ಎನ್ನುವ ಗುರುತು ಇದರಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳಿದಳು. ಯಾರಿಗೂ ಸಿಗಲಿಲ್ಲ.

"ಈ ಮನೆ ಬರೆದ ಇಂಜಿನಿಯರು, ಮದುವೆ ಆಗೋ ಹುಡುಗಿಗೆ ಕಾಲು ಸರಿಯಿಲ್ಲ ಅಂತ ಇಳಿಜಾರು ಹಾಕಿದ್ರು," ಎಂದಳು. ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. "ಅಮ್ಮಂಗೆ ತೋರಿಸುವಾಗ ಅದನ್ನ ಮರೆ ಮಾಡಿ ಮೆಟ್ಟಿಲು ಬರೆದ್ರು. ಆಮೇಲೆ ವಾಪಸ್ ತರೋದನ್ನ ಮರೆತ್ರು. ಬರೆದವರೇ ಮರೀತಾರೆ. ಅದಕ್ಕೇ ಈ ಬದಲಾವಣೆ ಬೇಕು."

ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬಸವಂತನ ಕಿವಿಯ ತುದಿ ಕೂಡ ಕೆಂಪಾಗಿತ್ತು. ಅವನು ಮೇಜಿನ ಅಂಚು ಹಿಡಿದು ಕೂತಿದ್ದ.

ಮೂರೂ ಬೇಡಿಕೆಗೆ ಉಗ್ರಪ್ಪನವರು ಆಗಲೇ ಒಪ್ಪಿಗೆ ಕೊಟ್ಟರು.

ಅವಳು ಗೆದ್ದಳು. ಪ್ರೀತಿಸಿದವನ ಮಾನವನ್ನು ಹತ್ತು ಜನರೆದುರು ಹರಾಜು ಹಾಕಿ ಗೆದ್ದಳು. ಆ ಸಂಜೆ ಬಸ್ಸಿನ ಕಿಟಕಿಗೆ ಹಣೆಯಿಟ್ಟು ಶ್ರೀನಗರದ ಮನೆಯವರೆಗೂ ಅತ್ತಳು. ಗೆಲುವು ಸಿಹಿಯಾಗಿರಬೇಕಿತ್ತು, ಆಗಿರಲಿಲ್ಲ.

ಮುಂದಿನ ವಾರಗಳಲ್ಲಿ ಅವನು ಆ ಕೆಲಸವನ್ನು ಒಬ್ಬನೇ ಕೂತು ಮಾಡಿದ. ಬಣ್ಣದ ಅಂಚು ಬಂತು. ಪ್ರಿಂಟ್ ಕೊಡುವಾಗ ಪ್ರಶ್ನೆ ಬಂತು. ಫೈಲ್ ಮುಚ್ಚಿ ತೆರೆದರೆ ಎಲ್ಲವೂ ತಾನಾಗಿಯೇ ವಾಪಸ್ ಬರತೊಡಗಿತು. ಅವಳು ಎಷ್ಟು ತಿಣುಕಿದರೂ ಒಂದು ತಪ್ಪು ಸಿಗಲಿಲ್ಲ. ಚೆನ್ನಾಗಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

*

ಸಂಕ್ರಾಂತಿಯ ನಂತರದ ಭಾನುವಾರ, ಬೆಳಿಗ್ಗೆ, ಶ್ರೀನಗರದ ಅವರ ಮನೆಯ ಬಾಗಿಲು ಬಡಿದ ಸದ್ದಾಯಿತು. ಸಿದ್ದಲಿಂಗಯ್ಯನವರು ತೆರೆದರು. ಬಸವಂತ ನಿಂತಿದ್ದ. ಕೈಯಲ್ಲಿ ಹಣ್ಣಿಲ್ಲ, ಹೂವಿಲ್ಲ. ಶೇವ್ ಕೂಡ ಮಾಡಿರಲಿಲ್ಲ.

ಕೂರಲು ಹೇಳಿದರೂ ಕೂರಲಿಲ್ಲ. ಅಪ್ಪ, ಮಗಳು ಇಬ್ಬರನ್ನೂ ನೋಡುತ್ತ ನಡುಮನೆಯಲ್ಲೇ ನಿಂತ.

"ನಾ ಅವ್ವಗ ಅಂಜಿ ಹೇಳಿಲ್ಲ ಅಂತ ಇಷ್ಟು ದಿನ ಅನಕೊಂಡಿದ್ದೆ. ಸುಳ್ಳ್ರಿ. ನನಗ ನಾಚಿಕಿ ಆಗಿತ್ತು. ಇವರ ಜೋಡಿ ರಸ್ತಾದಾಗ ನಡೆಯೂವಾಗ ಯಾರರ ನೋಡ್ತಾರ ಅಂತ ನಾಚಿಕಿ. ಪ್ರೀತಿನೂ ಇತ್ತು, ನಾಚಿಕಿನೂ ಇತ್ತು. ಎರಡೂ ನಂದ."

ಸಿದ್ದಲಿಂಗಯ್ಯನವರ ಮುಖ ಕಪ್ಪಿಟ್ಟಿತು. ಮಗಳ ಬಗ್ಗೆ ತಮ್ಮ ಮನೆಯಲ್ಲೇ ನಿಂತು ಇಂಥ ಮಾತು! ಆದರೆ ಮಗಳ ಮುಖ ನೋಡಿ ಸುಮ್ಮನಾದರು. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಇಷ್ಟು ತಿಂಗಳು ಅವಳು ಕಾದದ್ದು ಈ ಕೆಟ್ಟ ಮಾತಿಗೇ.

ಅವನು ಜೇಬಿನಿಂದ ಮೊಬೈಲ್ ತೆಗೆದ. ಊರಿಗೆ ಮರಳಿದ್ದ ಅವ್ವನ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಅವ್ವಾ, ಆ ಹುಡುಗಿಗಿ ಪೋಲಿಯೋ ಆಗೇತಿ. ಎಡಗಾಲಿಗಿ ಕಬ್ಬಿಣ ಹಾಕ್ತಾಳ. ನಾ ನಿನ್ನ ಮುಂದ ಮುಚ್ಚಿಟ್ಟಿದ್ದೆ. ಅಕಿನ್ನ ಮದುವಿ ಆಗ್ತೀನಿ."

ಆ ಕಡೆ ಕೋಳಿಯೊಂದು ಕೂಗಿತು. ಆಮೇಲೆ ದುಂಡವ್ವನ ದನಿ. "ಗೊತ್ತೈತಿ. ಅಕಿ ನನ್ನ ಕಡೆ ಬಂದಿದ್ಲು. ಆವತ್ತ ಅಕಿ ಮಾರಿ ಮ್ಯಾಲ ಹೇಳೀನಿ, ಒಲ್ಲೆ ಅಂತ. ಈಗೂ ಒಲ್ಲೆ."

"ಅವ್ವಾ..."

"ನೀ ದೊಡ್ಡಾಂವ ಆಗೀದಿ. ಮದುವಿ ಆಗು, ಬ್ಯಾಡ ಅನ್ನೂದಿಲ್ಲ. ಅಕ್ಕಿಕಾಳು ಹಾಕಾಕ ನಾ ಬರೂದಿಲ್ಲ. ಆ ಮನಿ ಹೊಸ್ತಿಲಾ ತುಳಿಯೂದಿಲ್ಲ. ಇಡ್ತೀನಿ."

ಫೋನ್ ಕಟ್ಟಾಯಿತು.

ಮತ್ತೆ ಮಾಡಿದ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಸ್ವಿಚ್ ಆಫ್.

ಬಸವಂತ ಗೋಡೆಗೆ ಒರಗಿ ನೆಲದ ಮೇಲೆ ಕುಸಿದ. ಅಳಬಾರದೆಂದು ತುಟಿ ಕಚ್ಚಿ ನೋಡಿದ, ಆಗಲಿಲ್ಲ. ದೊಡ್ಡ ಗಂಡಸು, ಪರರ ಮನೆಯ ನಡುವೆ ಬಿಕ್ಕಿ ಬಿಕ್ಕಿ ಅತ್ತ. ಸಿದ್ದಲಿಂಗಯ್ಯನವರು ಕಾಫಿಗಿಡುತ್ತೇನೆ ಎಂದು ಗೊಣಗಿ ಅಡುಗೆಮನೆಗೆ ಹೋದರು. ಹೋಗಿ ಎಷ್ಟೋ ಹೊತ್ತು ಒಲೆ ಹಚ್ಚಿದ ಸದ್ದೇ ಬರಲಿಲ್ಲ.

ನೆಲದ ಮೇಲೆ ಕೂರುವುದು ಸರ್ವಮಂಗಳಾಗೆ ಸುಲಭವಲ್ಲ. ಮೊಣಕಾಲಿನ ಬಳಿ ಕ್ಯಾಲಿಪರಿನ ಕೊಂಡಿ ಬಿಚ್ಚಬೇಕು, ಗೋಡೆ ಹಿಡಿದು ಇಂಚಿಂಚಾಗಿ ಜಾರಬೇಕು. ಹೊರಗಿನವರೆದುರು ಅವಳು ಯಾವತ್ತೂ ಹಾಗೆ ಕೂತವಳಲ್ಲ. ಕೂತಳು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಾಲಿನ ಪಕ್ಕದಲ್ಲಿ ಚಾಚಿದಳು. ಅವನು ನೋಡಿದ. ಮುಖ ತಿರುಗಿಸಲಿಲ್ಲ.

"ನಿಮಗ ಮೊದಲ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ಇಷ್ಟು ತಿಂಗಳು ಯಾಕ ಹೇಳಲಿಲ್ರಿ?"

"ಹೇಳಿದ್ರೆ ನಿಮಗೆ ಸುಲಭ ಆಗ್ತಿತ್ತು. ಸುಲಭ ಆಗಬಾರದು ಅನ್ನಿಸ್ತು." ಅವಳ ದನಿ ಮೊದಲ ಸಲ ಒಡೆಯಿತು. "ನಾನು ಒಳ್ಳೆಯವಳಲ್ಲ ಬಸವಂತ್. ಆವತ್ತು ಮೀಟಿಂಗಲ್ಲಿ... ನಿಮ್ಮ ಮುಖ ನೋಡಿಕೊಂಡೇ ಮಾಡ್ದೆ."

"ಗೊತ್ತೈತ್ರಿ."

"ಅವ್ರು ನಿಜವಾಗ್ಲೂ ಬರಲ್ಲ. ಮಗು ಆದ್ರೂ ಬರಲ್ಲ. ನನಗೆ ಅವ್ರ ಕಣ್ಣಲ್ಲೇ ಕಂಡಿತ್ತು. ಆಮೇಲೆ ಯಾವತ್ತಾದ್ರೂ, ನಿನ್ನಿಂದ ಅವ್ವನ್ನ ಕಳಕೊಂಡೆ ಅಂತ ಅನ್ನಿಸಬಹುದು ನಿಮಗೆ."

ಇಲ್ಲ ಎಂದು ಹೇಳಿದ್ದರೆ ಅವಳು ಅವನನ್ನು ವಾಪಸ್ ಕಳಿಸುತ್ತಿದ್ದಳು. ಮೂಗು ಒರೆಸಿಕೊಂಡು ಅವಳ ಕಡೆ ತಿರುಗಿದ.

"ಅನಿಸ್ತದ್ರಿ. ಅನಿಸಿದ ದಿನ ನಿಮ್ಮ ಮುಂದನ ಹೇಳ್ತೀನಿ."

ಅವಳು ಅವನ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಎರಡೂ ಕೈಯಿಂದ, ಗಟ್ಟಿಯಾಗಿ.

"ಆವತ್ತು ನನಗೂ ತುಂಬ ನೋವಾಗತ್ತೆ," ಎಂದಳು.

"ಹೌದ್ರಿ."

"ಆದ್ರೂ ಹೇಳಿ."